ಬಾಗಿಲು ಯಾವಾಗ ಮುಚ್ಚಬೇಕು, ಯಾರಿಗೆ ತೆರೆದಿರಬೇಕು?



ನಮ್ಮ ಯುವಸಂಘದ ಈ ಸಲದ ಚರ್ಚಾಕೂಟಕ್ಕೆ ಚೀಟಿ ಎತ್ತಿದಾಗ ಬಂದ ವಿಷಯ ಇದು: ಮಹಾಮಾರಿ ಶುರುವಾಗುವ ಹೊತ್ತಿನಲ್ಲೇ ಸರಕಾರಗಳು ವಿದೇಶ ಪ್ರಯಾಣವನ್ನು ನಿರ್ಬಂಧಿಸಬೇಕೇ? ಬೇರೆ ಊರಿನಲ್ಲಿ ಇದು ಕಾಲೇಜು ಡಿಬೇಟಿನ ವಿಷಯದ ಹಾಗೆ ಕೇಳಿಸಬಹುದು. ಕಾಸರಗೋಡಿನಲ್ಲಿ ಹಾಗಲ್ಲ. ನಮ್ಮ ಯಾವ ವಾಳೆಗೆ ಹೋದರೂ ದುಬೈ, ದೋಹಾ, ಕುವೈತ್, ಮಸ್ಕತ್ ಎಂದು ಯಾರಾದರೊಬ್ಬರು ಹೊರಗಿರುವ ಮನೆಗಳೇ ಹೆಚ್ಚು. ವಿಮಾನ ನಿಲ್ಲಿಸಿ ಎಂದು ಹೇಳುವಾಗ ನಾವು ನಮ್ಮ ಅಪ್ಪನನ್ನೋ ಅಕ್ಕನನ್ನೋ ಹೊರಗೆ ನಿಲ್ಲಿಸಿ ಎಂದು ಹೇಳುತ್ತಿರುತ್ತೇವೆ. ನಿಲ್ಲಿಸಬೇಡಿ ಎಂದು ಹೇಳುವಾಗ ಒಳಕೋಣೆಯಲ್ಲಿ ಮಲಗಿರುವ ಅಜ್ಜಿಯ ಪ್ರಾಣದ ಮಾತು ಅದು. ಹಾಗಾಗಿ ಒಂದು ಗಂಟೆಗೆ ಮುಗಿಯಬೇಕಾದ ಕೂಟ ಊಟದ ಹೊತ್ತು ದಾಟಿತು. ಫಾದರ್ ಎರಡು ಸಲ ಬಂದು ಇಣುಕಿ ಹೋದರು.

ಕೂಟದಲ್ಲಿದ್ದ ನಮ್ಮಲ್ಲಿ ಹೆಚ್ಚಿನವರು 2020ರಲ್ಲಿ ಪ್ಲಸ್ ಟು ಪರೀಕ್ಷೆ ಬರೆಯುತ್ತಿದ್ದವರು. ಅರ್ಧ ಪರೀಕ್ಷೆ ಮಾರ್ಚ್‌ನಲ್ಲಿ, ಉಳಿದದ್ದು ಮಾಸ್ಕ್ ಹಾಕಿ ಮೇ ಕೊನೆಯಲ್ಲಿ. ಆ ಕಾಲವನ್ನು ಕಣ್ಣಾರೆ ಕಂಡವರು ನಾವು. ಈಗಿನ ಹತ್ತನೆಯ ತರಗತಿಯವರಿಗೆ ಅದು ಮನೆಯಲ್ಲಿ ಮೊಬೈಲ್ ಸಿಕ್ಕಿದ ಕಾಲ ಎಂದಷ್ಟೇ ನೆನಪು. ಅವರಿಗೋಸ್ಕರ ಮೊದಲು ನಡೆದದ್ದನ್ನು ಹೇಳಬೇಕು.

2020ರ ಜನವರಿ 30ರಂದು ಭಾರತದ ಮೊದಲ ಕೋವಿಡ್ ರೋಗಿ ತ್ರಿಶೂರಿನಲ್ಲಿ ಪತ್ತೆಯಾದರು. ಎರಡನೆಯದು ಆಲಪ್ಪುಳದಲ್ಲಿ. ಮೂರನೆಯದು ಫೆಬ್ರವರಿ 3ರಂದು ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ. ಮೂವರೂ ಚೀನಾದ ವುಹಾನ್‌ನಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳು. ವುಹಾನ್‌ನಿಂದ ಬಂದವರನ್ನೆಲ್ಲ ಕೇರಳದ ಆರೋಗ್ಯ ಇಲಾಖೆ 28 ದಿನ ಮನೆಯೊಳಗೆ ಬೇರೆ ಕೋಣೆಯಲ್ಲಿ ಇರಿಸಿತು. ದಿನಾ ಫೋನ್ ಬರುತ್ತಿತ್ತು, ಆಶಾ ಕಾರ್ಯಕರ್ತೆಯರು ವಿಚಾರಿಸುತ್ತಿದ್ದರು. ಆ ಮೂವರಿಂದ ಇನ್ನೊಬ್ಬರಿಗೆ ರೋಗ ಹರಡಲಿಲ್ಲ. ಮೂವರೂ ಗುಣವಾಗಿ ಮನೆಗೆ ಹೋದರು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಆ ಮೂವರೂ ಭಾರತೀಯರು. ವಿದೇಶಿಯರ ವೀಸಾ ರದ್ದು ಮಾಡಿದ್ದರೂ ಅವರು ಬರುವುದು ನಿಲ್ಲುತ್ತಿರಲಿಲ್ಲ, ನಿಲ್ಲಬೇಕೂ ಇರಲಿಲ್ಲ. ರೋಗವನ್ನು ತಡೆದದ್ದು ಆ ಕೋಣೆಯ ಬಾಗಿಲು.

ಅದಾಗಿ ಒಂದು ತಿಂಗಳು ಜಿಲ್ಲೆಯಲ್ಲಿ ಏನೂ ಇರಲಿಲ್ಲ. ಫೆಬ್ರವರಿ 26ರಂದು ಬೂದಿ ಬುಧವಾರ; ದೇವಾಲಯ ತುಂಬಿತ್ತು, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆವು. ಸರಕಾರದ ಕಣ್ಣು ಆಗ ಒಂದು ಪಟ್ಟಿಯ ಮೇಲಿತ್ತು. ಚೀನಾ, ಆಮೇಲೆ ಇರಾನ್, ಇಟಲಿ, ದಕ್ಷಿಣ ಕೊರಿಯಾ, ಜಪಾನ್. ಮಾರ್ಚ್ 13ರಿಂದ ಬಹುತೇಕ ಎಲ್ಲ ವೀಸಾಗಳನ್ನು ತಡೆಹಿಡಿದರು. ಆದರೆ ವೀಸಾ ಬೇಕಾಗುವುದು ವಿದೇಶಿಯರಿಗೆ. ಗಲ್ಫ್‌ನಿಂದ ಬರುವ ನಮ್ಮವರ ಕೈಯಲ್ಲಿದ್ದದ್ದು ಭಾರತದ ಪಾಸ್‌ಪೋರ್ಟ್. ಯುಎಇ, ಕತಾರ್, ಒಮಾನ್, ಕುವೈತ್‌ನಿಂದ ಬಂದವರಿಗೆ ಹದಿನಾಲ್ಕು ದಿನಗಳ ಕ್ವಾರಂಟೈನ್ ಕಡ್ಡಾಯವಾದದ್ದು ಮಾರ್ಚ್ 18ಕ್ಕೆ. ಅಷ್ಟರಲ್ಲಿ ಮಂಗಳೂರು, ಕಣ್ಣೂರು, ಕೋಝಿಕೋಡ್ ವಿಮಾನ ನಿಲ್ದಾಣಗಳಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಸಿಕೊಂಡು, ಜ್ವರ ಇಲ್ಲವೆಂದು ಮನೆಗೆ ಬಂದವರು ಸಾವಿರಾರು ಮಂದಿ. ಸೋಂಕು ತಗಲಿ ಐದಾರು ದಿನಗಳ ಮೇಲೆ ಜ್ವರ ಬರುವ ರೋಗವನ್ನು, ಕೆಲವರಲ್ಲಿ ಜ್ವರವೇ ಬಾರದ ರೋಗವನ್ನು, ಆ ಪಿಸ್ತೂಲಿನಂಥ ಯಂತ್ರ ಹೇಗೆ ಹಿಡಿದೀತು? ದೇಶದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡ ಕಲಬುರಗಿಯ ಹಿರಿಯರೊಬ್ಬರೂ ಸೌದಿ ಅರೇಬಿಯಾದಿಂದ ಮರಳಿದವರು. ಸೌದಿ ಆಗ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಮಾರ್ಚ್ 22ಕ್ಕೆ ವಿದೇಶ ವಿಮಾನಗಳೆಲ್ಲ ನಿಂತವು. ಮಾರ್ಚ್ 27ರ ಒಂದೇ ದಿನ ಕೇರಳದಲ್ಲಿ 39 ಹೊಸ ರೋಗಿಗಳು. ಅದರಲ್ಲಿ 34 ಮಂದಿ ಕಾಸರಗೋಡಿನವರು. ಹೆಚ್ಚಿನವರು ದುಬೈಯಿಂದ ಬಂದವರು, ಇಲ್ಲವೇ ಅವರ ಜೊತೆ ಒಡನಾಡಿದವರು.

ಇಲ್ಲಿ ನಮ್ಮ ಬಿ.ಎಸ್ಸಿ. ಓದು ಸ್ವಲ್ಪ ಕೆಲಸಕ್ಕೆ ಬಂತು. ಕೂಟದಲ್ಲಿ ಬಿಳಿಹಲಗೆಯ ಮೇಲೆ ಒಂದು ಲೆಕ್ಕ ಬರೆದೆವು. ಕೈಬಿಟ್ಟರೆ ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುವ ರೋಗ ಎಂದುಕೊಳ್ಳಿ. ಹೊರಗಿನಿಂದ ನೂರು ಮಂದಿ ಸೋಂಕಿತರು ಬರುವಲ್ಲಿ ನಿರ್ಬಂಧ ಹಾಕಿ ತೊಂಬತ್ತು ಮಂದಿಯನ್ನು ತಡೆದೆವು, ಹತ್ತೇ ಮಂದಿ ಒಳಗೆ ಬಂದರು. ಹತ್ತು ಇಪ್ಪತ್ತಾಗಿ, ನಲ್ವತ್ತಾಗಿ, ಎಂಬತ್ತಾಗಿ, ನೂರು ಮುಟ್ಟಲು ಎಷ್ಟು ದಿನ? ಸುಮಾರು ಹತ್ತು. ನೂರರಲ್ಲಿ ತೊಂಬತ್ತೊಂಬತ್ತನ್ನು ತಡೆದರೂ ಸಿಗುವುದು ಇಪ್ಪತ್ತು ದಿನ. ಅಷ್ಟೆಯೇ, ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಅಷ್ಟೇ. 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವೂ ಇಂಥದ್ದನ್ನೇ ಹೇಳಿತು: ವುಹಾನ್ ನಗರವನ್ನು ಮುಚ್ಚಿದ್ದರಿಂದ ಚೀನಾದ ಒಳಗೆ ರೋಗ ಹಿಂದೆ ಬಿದ್ದದ್ದು ಮೂರರಿಂದ ಐದು ದಿನ ಮಾತ್ರ, ಹೊರದೇಶಗಳಿಗೆ ಹೋಗುವ ಸೋಂಕು ಮಾತ್ರ ಫೆಬ್ರವರಿ ನಡುವಿನ ತನಕ ಸುಮಾರು 80 ಪಾಲು ಇಳಿಯಿತು.

ಹಾಗಾದರೆ ಪ್ರಯಾಣ ನಿರ್ಬಂಧದಿಂದ ನಾವು ಕೊಂಡುಕೊಳ್ಳುವುದು ದಿನಗಳನ್ನು. ಆ ದಿನಗಳು ಅಗ್ಗವೋ ದುಬಾರಿಯೋ ಎಂಬುದು ಅವುಗಳಲ್ಲಿ ಏನು ಮಾಡಿದೆವು ಎಂಬುದರ ಮೇಲಿದೆ. ಹತ್ತು ದಿನದಲ್ಲಿ ಆಸ್ಪತ್ರೆಗೆ ಆಮ್ಲಜನಕ ತರಿಸಬಹುದು, ದಾದಿಯರಿಗೆ ಕಿಟ್ ಹಂಚಬಹುದು, ಬಂದವರ ಪಟ್ಟಿ ಮಾಡಬಹುದು. ಇಲ್ಲವೇ ಸಂಜೆ ಟಿವಿ ಮುಂದೆ ಕುಳಿತು, ವಿಮಾನ ನಿಲ್ಲಿಸಿದ್ದೇವೆ, ಇನ್ನು ಭಯವಿಲ್ಲ ಎಂದು ಭಾಷಣ ಮಾಡಬಹುದು.

ಒಂದೊಂದು ಕಡೆ ದಿನಗಳಲ್ಲ, ಪೂರ್ತಿ ಪ್ರಾಣವೇ ಉಳಿದದ್ದಿದೆ. ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಕಥೆಯನ್ನು ನಾವು ಕೂಟಕ್ಕೆ ಸಿದ್ಧವಾಗುವಾಗ ಓದಿದೆವು. 1918ರಲ್ಲಿ, ಸ್ಪ್ಯಾನಿಷ್ ಫ್ಲೂ ಎಂದು ಕರೆಯುವ ಇನ್‌ಫ್ಲುಯೆಂಜಾ ಜಗತ್ತನ್ನು ಸುತ್ತುತ್ತಿದ್ದಾಗ, ಪಶ್ಚಿಮ ಸಮೋವಾ ನ್ಯೂಜಿಲೆಂಡ್‌ನ ಆಡಳಿತದಲ್ಲಿತ್ತು, ಪೂರ್ವದ ದ್ವೀಪಗಳು ಅಮೆರಿಕದ ಕೈಯಲ್ಲಿದ್ದವು. ನವೆಂಬರ್ 7ರಂದು ಆಕ್ಲೆಂಡ್‌ನಿಂದ ಹೊರಟಿದ್ದ ತಲೂನ್ ಎಂಬ ಹಡಗು ಪಶ್ಚಿಮ ಸಮೋವಾದ ಅಪಿಯಾ ಬಂದರಿಗೆ ಬಂತು. ಹಡಗಿನಲ್ಲಿ ಕಾಯಿಲೆಯವರಿದ್ದರು. ಆದರೂ ಜನರನ್ನು ಇಳಿಯಲು ಬಿಟ್ಟರು. ಮುಂದಿನ ವಾರಗಳಲ್ಲಿ ಸುಮಾರು 8,500 ಮಂದಿ ತೀರಿಕೊಂಡರು, ಎಂದರೆ ಐದರಲ್ಲಿ ಒಬ್ಬರಿಗಿಂತ ಹೆಚ್ಚು. ನೂರು ಚಿಲ್ಲರೆ ಕಿಲೋಮೀಟರ್ ದೂರದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಹಡಗುಗಳಿಗೆ ಕಟ್ಟುನಿಟ್ಟಿನ ಕ್ವಾರಂಟೈನ್ ಹಾಕಿದ್ದರು. ಅಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಒಂದೇ ಭಾಷೆ, ಒಂದೇ ಜನ, ಒಂದೇ ಸಮುದ್ರ. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಸಮೋವಾಕ್ಕೆ ಹೋಗಿ ಕ್ಷಮೆ ಕೇಳಿದರು.

ಇದನ್ನು ಓದಿದ ಮೇಲೆ, ಬೇಗ ನಿರ್ಬಂಧಿಸುವುದರಿಂದ ಪ್ರಯೋಜನವೇ ಇಲ್ಲ ಎನ್ನುವವರ ಮಾತು ನಮಗೆ ಹಿಡಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಅಂತಾರಾಷ್ಟ್ರೀಯ ತುರ್ತು ಸ್ಥಿತಿ ಘೋಷಿಸಿದ ದಿನವೂ ಪ್ರಯಾಣ ನಿರ್ಬಂಧ ಬೇಕೆಂದು ಹೇಳಲಿಲ್ಲ. ಅವರ ಭಯ ಏನೆಂದು ಆಮೇಲೆ ಅರ್ಥವಾಗುತ್ತದೆ, ಅದಕ್ಕೆ ಬರುತ್ತೇವೆ. ಆದರೆ ದ್ವೀಪಗಳು ಅವರ ಮಾತನ್ನು ಕಾಯಲಿಲ್ಲ. ನ್ಯೂಜಿಲೆಂಡ್ ಮಾರ್ಚ್ ನಡುವಿನಲ್ಲೇ ಬಂದವರೆಲ್ಲರೂ ಪ್ರತ್ಯೇಕವಾಗಿರಬೇಕು ಎಂದಿತು, ಮಾರ್ಚ್ 19ಕ್ಕೆ ವಿದೇಶಿಯರಿಗೆ ಗಡಿ ಮುಚ್ಚಿತು. ಸುಮಾರು ಐವತ್ತು ಲಕ್ಷ ಜನರ ಆ ದೇಶದಲ್ಲಿ 2020ರ ಕೊನೆಯ ತನಕ ಕೋವಿಡ್‌ನಿಂದ ತೀರಿಕೊಂಡವರು 25 ಮಂದಿ.

ಆದರೆ ನಮ್ಮ ದೇಶ ದ್ವೀಪವಲ್ಲ. ಅಲ್ಲಿಯೂ ಎಲ್ಲ ಚಂದವಾಗಿ ನಡೆಯಲಿಲ್ಲ. ನ್ಯೂಜಿಲೆಂಡ್‌ನ ಸ್ವಂತ ಪ್ರಜೆಗಳೇ ಊರಿಗೆ ಮರಳಲು ಕ್ವಾರಂಟೈನ್ ಹೋಟೆಲಿನ ಕೋಣೆಗಾಗಿ ಲಾಟರಿ ಕಾಯಬೇಕಾಯಿತು. ಆ ಲಾಟರಿ ಪ್ರಜೆಗಳ ಹಕ್ಕನ್ನು ನ್ಯಾಯವಲ್ಲದ ರೀತಿಯಲ್ಲಿ ಕಸಿಯಿತು ಎಂದು ಅಲ್ಲಿನ ಹೈಕೋರ್ಟ್ 2022ರಲ್ಲಿ ಹೇಳಿತು. ಆಸ್ಟ್ರೇಲಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2021ರ ಮೇ 3ರಿಂದ, ನಮ್ಮಲ್ಲಿ ಎರಡನೇ ಅಲೆ ಎದ್ದಿದ್ದಾಗ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರು ಆಸ್ಟ್ರೇಲಿಯಾಕ್ಕೆ ಕಾಲಿಟ್ಟರೆ, ಅಲ್ಲಿನ ಪ್ರಜೆಯೇ ಆಗಿರಲಿ, ಐದು ವರ್ಷದ ತನಕ ಜೈಲು ಎಂದು ಆದೇಶ ಮಾಡಿತು. ಅಜ್ಜನನ್ನು ನೋಡಲು ಬಂದ ಮೊಮ್ಮಗಳು ತನ್ನ ಮನೆಗೆ ಹೋದರೆ ಅಪರಾಧ! ಎರಡು ವಾರಗಳಲ್ಲಿ ಅದನ್ನು ತೆಗೆದರು, ನಿಜ. ಆದರೆ ಭಯ ಹಿಡಿದಾಗ ಒಳ್ಳೆಯ ಸರಕಾರವೂ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಅದು ತೋರಿಸಿತು.

ನಮ್ಮವರಿಗೂ ಇದಕ್ಕಿಂತ ದೊಡ್ಡ ವ್ಯತ್ಯಾಸ ಇರಲಿಲ್ಲ ಎಂದು ಕೂಟದಲ್ಲಿ ಒಬ್ಬ ಹೇಳಿದ. ಅವನ ಅಪ್ಪ ಆಗ ದುಬೈಯಲ್ಲಿ, ಎಂಟು ಮಂದಿಯ ಕೋಣೆಯಲ್ಲಿ. ಕೆಲಸ ನಿಂತಿತ್ತು. ಪಕ್ಕದ ಹಾಸಿಗೆಯವನಿಗೆ ಕೆಮ್ಮು. ಬೇರೆ ಹೋಗಲು ಇನ್ನೊಂದು ಕೋಣೆ ಇಲ್ಲ. ಮಾರ್ಚ್ 22ಕ್ಕೆ ನಿಂತ ವಿಮಾನಗಳಲ್ಲಿ ನಮ್ಮವರಿಗಾಗಿ ಮೊದಲು ಹಾರಿದವು ಮೇ 7ರಂದು, ವಂದೇ ಭಾರತ್ ಕಾರ್ಯಕ್ರಮದಲ್ಲಿ, ಅಬುಧಾಬಿಯಿಂದ ಕೊಚ್ಚಿಗೆ, ದುಬೈಯಿಂದ ಕೋಝಿಕೋಡಿಗೆ. ಒಂದೂವರೆ ತಿಂಗಳು ಭಾರತದ ಪ್ರಜೆಗೆ ಭಾರತದ ಬಾಗಿಲು ಮುಚ್ಚಿತ್ತು. ಆ ದಿನಗಳಲ್ಲಿ ಅಲ್ಲಿಯೇ ತೀರಿಕೊಂಡವರ ಅಂತ್ಯಸಂಸ್ಕಾರವನ್ನು ಇಲ್ಲಿ ಮನೆಯವರು ಮೊಬೈಲಿನಲ್ಲಿ ನೋಡಿದರು. ಈಸ್ಟರ್ ಬಲಿಪೂಜೆಯನ್ನೂ ಅದೇ ಮೊಬೈಲಿನಲ್ಲಿ ನೋಡಿದೆವು. ಎರಡೂ ಒಂದೇ ಪರದೆಯಲ್ಲಿ.

ಮುಚ್ಚುವುದಕ್ಕೂ ಕಾಯಿಸುವುದಕ್ಕೂ ವ್ಯತ್ಯಾಸವಿದೆ. ಕ್ವಾರಂಟೈನ್ ಎಂಬ ಮಾತೇ ಇಟಲಿಯವರ ನಲ್ವತ್ತು ಎಂಬ ಪದದಿಂದ ಬಂದದ್ದು. ಪ್ಲೇಗಿನ ಕಾಲದಲ್ಲಿ, 1377ರಲ್ಲಿ, ಈಗ ಕ್ರೊವೇಷ್ಯಾದಲ್ಲಿರುವ ಡುಬ್ರೊವ್ನಿಕ್ ಎಂಬ ಬಂದರು ನಗರ ಒಂದು ಕಾನೂನು ಮಾಡಿತು: ರೋಗ ಇರುವ ಊರಿನಿಂದ ಬಂದವರು ನಗರಕ್ಕೆ ಬರುವ ಮೊದಲು ಬೇರೆ ಜಾಗದಲ್ಲಿ ಮೂವತ್ತು ದಿನ ಇರಬೇಕು. ಮುಂದೆ ಅದು ನಲ್ವತ್ತಾಯಿತು. ನಲ್ವತ್ತೇ ಯಾಕೆಂದರೆ ತಪಸ್ಸುಕಾಲದ ನಲ್ವತ್ತು ದಿನಗಳ ನೆನಪೂ ಒಂದು ಕಾರಣ ಎನ್ನುವವರಿದ್ದಾರೆ. ವ್ಯಾಪಾರದಿಂದ ಬದುಕುವ ಊರು ಅದು. ಬಂದರನ್ನು ಮುಚ್ಚಿದರೆ ಹಸಿವೆಯಿಂದ ಸಾಯಬೇಕು. ಅದಕ್ಕೇ ಅವರು ಬರಬೇಡ ಎನ್ನಲಿಲ್ಲ. ಬಾ, ಆದರೆ ಕಾಯಿ ಎಂದರು. ಆರುನೂರು ವರ್ಷದ ಹಿಂದೆ, ವೈರಸ್ಸು ಬ್ಯಾಕ್ಟೀರಿಯಾ ಯಾವುದೂ ಗೊತ್ತಿಲ್ಲದವರಿಗೆ ಹೊಳೆದ ಉಪಾಯ ಇದು.

ನಮ್ಮ ಅಭಿಪ್ರಾಯ ಇದರ ಹತ್ತಿರವೇ ಇದೆ. ನಿರ್ಬಂಧ ಬೇಕು, ಬೇಗ ಬೇಕು, ಮತ್ತು ದೇಶಗಳ ಪಟ್ಟಿ ಹಿಡಿದುಕೊಂಡು ಅಲ್ಲ, ಎಲ್ಲಿಂದ ಬಂದವರಿಗೂ ಬೇಕು. ರೋಗ ಪಟ್ಟಿಗಿಂತ ಎರಡು ವಾರ ಮುಂದೆ ಓಡುತ್ತದೆ. ಪ್ರವಾಸಿಗಳು, ಮೀಟಿಂಗಿಗೆ ಬರುವವರು ಸ್ವಲ್ಪ ದಿನ ಬಾರದಿದ್ದರೆ ನಷ್ಟವಾದೀತು, ಸಹಿಸಬಹುದು. ಆದರೆ ಊರಿಗೆ ಬರುವ ಸ್ವಂತ ಪ್ರಜೆಗೆ ಬಾಗಿಲು ಮುಚ್ಚಬಾರದು. ಅವನಿಗೆ ಬಾಗಿಲ ಒಳಗೆ ಒಂದು ಕೋಣೆ, ಹದಿನಾಲ್ಕು ದಿನದ ಅನ್ನ ಇರಬೇಕು. ಕೋಣೆಗಳು ಎಷ್ಟಿವೆಯೋ ಅಷ್ಟು ವಿಮಾನ ಬರಲಿ. ಗಲ್ಫ್‌ನ ಕೆಲಸಗಾರನಿಗೆ ಇನ್ನೊಂದು ಕಷ್ಟವೂ ಇದೆ. ಯುಎಇಯ ಸಾಮಾನ್ಯ ನಿಯಮದಂತೆ ಆರು ತಿಂಗಳು ಹೊರಗಿದ್ದರೆ ಅಲ್ಲಿನ ವಾಸದ ವೀಸಾ ಹೋಗುತ್ತದೆ. ಆದ್ದರಿಂದ ಎಷ್ಟು ದಿನಗಳ ನಿರ್ಬಂಧ ಎಂಬುದನ್ನು ಮೊದಲೇ ಹೇಳಬೇಕು. ವಾರವಾರ ಮುಂದೆ ಹಾಕುತ್ತಾ ಹೋದರೆ ಅವನು ಬರುವುದೋ ಇರುವುದೋ ಎಂದು ಹೇಗೆ ನಿರ್ಧರಿಸಬೇಕು?

ಈಗ ವಿಶ್ವ ಆರೋಗ್ಯ ಸಂಸ್ಥೆಯ ಭಯಕ್ಕೆ ಬರೋಣ. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮಿಕ್ರಾನ್ ತಳಿಯನ್ನು ಗುರುತಿಸಿ ಕೂಡಲೇ ಜಗತ್ತಿಗೆ ತಿಳಿಸಿದರು. ಅವರಿಗೆ ಸಿಕ್ಕಿದ ಬಹುಮಾನ, ಕೆಲವೇ ದಿನಗಳಲ್ಲಿ ಹತ್ತಾರು ದೇಶಗಳು ಅವರ ವಿಮಾನಗಳನ್ನು ನಿಲ್ಲಿಸಿದ್ದು. ಡಿಸೆಂಬರ್ 2ಕ್ಕೆ ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪ್ರಕಟವಾದವು. ಅದರಲ್ಲಿ ಒಬ್ಬರು ಎಲ್ಲಿಗೂ ಪ್ರಯಾಣ ಮಾಡದ ವೈದ್ಯರು. ಎಂದರೆ ರೋಗ ಆಗಲೇ ಊರೊಳಗೆ ಇತ್ತು. ಇಂಥ ಹೊತ್ತಿನಲ್ಲಿ ಒಂದು ದೇಶಕ್ಕೆ ಮಾತ್ರ ಬಾಗಿಲು ಹಾಕಿದರೆ ಮುಂದಿನ ಸಲ ಯಾವ ದೇಶ ನಿಜ ಹೇಳೀತು? ಇದು ನಮಗೆ ಬೇರೆಯವರ ಕಥೆಯಲ್ಲ. 2018ರಲ್ಲಿ ಕೋಝಿಕೋಡಿನಲ್ಲಿ ನಿಪಾ ಬಂದಾಗ ಕೇರಳ ಅದನ್ನು ಬೇಗ ಪತ್ತೆಮಾಡಿ ಹೇಳಿತು. ಯುಎಇ ಮತ್ತು ಇತರ ಗಲ್ಫ್ ದೇಶಗಳು ಕೇರಳದ ಹಣ್ಣು ತರಕಾರಿಯನ್ನು ನಿಲ್ಲಿಸಿದವು. ನಷ್ಟ ತೋಟದವನಿಗೆ. ಎಲ್ಲರಿಗೂ ಒಂದೇ ನಿಯಮ ಎಂದರೆ ಯಾರೊಬ್ಬರಿಗೂ ಇದು ಶಿಕ್ಷೆಯಾಗುವುದಿಲ್ಲ. ಪಟ್ಟಿ ಬೇಡ ಎಂದು ನಾವು ಹೇಳಲು ಎರಡನೆಯ ಕಾರಣ ಇದು.

ತಲಪಾಡಿಯ ವಿಷಯ ಬಾರದೆ ಕಾಸರಗೋಡಿನಲ್ಲಿ ಈ ಚರ್ಚೆ ಮುಗಿಯುವುದಿಲ್ಲ. ಹೊರಗಿನ ಬಾಗಿಲನ್ನು ತಡವಾಗಿ ಹಾಕಿದ ಮೇಲೆ ಎಲ್ಲರೂ ಒಳಗಿನ ಬಾಗಿಲುಗಳನ್ನು ಹಾಕತೊಡಗಿದರು. ಕರ್ನಾಟಕ ಗಡಿಯ ದಾರಿಗಳನ್ನು ಮುಚ್ಚಿತು. ಸಣ್ಣ ದಾರಿಗಳಿಗೆ ಮಣ್ಣು ಸುರಿದರು. ಅವರಿಗೂ ಭಯವಿತ್ತು, ನಮ್ಮ ಜಿಲ್ಲೆಯ ಅಂಕಿ ನೋಡಿದರೆ ಯಾರಿಗಾದರೂ ಭಯವಾಗುತ್ತಿತ್ತು. ಆದರೆ ಹೃದಯದ ಕಾಯಿಲೆಗೆ, ಡಯಾಲಿಸಿಸಿಗೆ ಮಂಜೇಶ್ವರ, ಕುಂಬಳೆ, ಕಾಸರಗೋಡಿನವರಿಗೆ ಮಂಗಳೂರೇ ಆಸ್ಪತ್ರೆ. ಆಂಬುಲೆನ್ಸ್ ಗಡಿಯಲ್ಲಿ ನಿಂತು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡ ಸುದ್ದಿ ದಿನಾ ಬರುತ್ತಿತ್ತು. ಅವರಿಗೆ ಕೋವಿಡ್ ಇರಲಿಲ್ಲ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಲು ಕೇಂದ್ರಕ್ಕೆ ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಏಪ್ರಿಲ್ 7ರ ಹೊತ್ತಿಗೆ ಒಂದು ಒಪ್ಪಂದವಾಯಿತು. ಅತ್ತ ಮಂಗಳೂರಿನಲ್ಲಿ ನಮ್ಮದೇ ಧರ್ಮಪ್ರಾಂತ್ಯ, ನಮ್ಮದೇ ಬಂಧುಗಳು. ಮಾತನಾಡುವುದು ಅದೇ ಕನ್ನಡ, ತುಳು, ಕೊಂಕಣಿ. ನಡುವೆ ಮಣ್ಣಿನ ದಿಬ್ಬ.

ಕೋಣೆಯ ಬಾಗಿಲನ್ನು ಹಾಕಬೇಕಾದಲ್ಲಿ ಹಾಕದಿದ್ದರೆ ಊರಿನ ಬಾಗಿಲನ್ನೇ ಹಾಕಬೇಕಾಗುತ್ತದೆ ಎಂದು ನಮಗೆ ಅನಿಸಿದ್ದು ಇದರಿಂದಲೇ. ಜಿಲ್ಲೆ ಆಮೇಲೆ ಸುಧಾರಿಸಿಕೊಂಡ ರೀತಿ ಇದಕ್ಕೆ ಸಾಕ್ಷಿ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಏಪ್ರಿಲ್ ಮೊದಲ ವಾರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಬಂದವರ, ಅವರನ್ನು ಮುಟ್ಟಿದವರ ಪಟ್ಟಿ ಹಿಡಿದು ಮನೆ ಮನೆ ಸುತ್ತಿದರು. ಮೇ 10ಕ್ಕೆ ಜಿಲ್ಲೆಯ 178 ರೋಗಿಗಳಲ್ಲಿ ಕೊನೆಯವರೂ ಗುಣವಾದರು, ಒಬ್ಬರನ್ನೂ ಕಳೆದುಕೊಳ್ಳದೆ. ಮುಂದಿನ ಅಲೆಗಳಲ್ಲಿ ಹೀಗಾಗಲಿಲ್ಲ, ಅದು ಎಲ್ಲರಿಗೂ ಗೊತ್ತು.

ಆ ಪಟ್ಟಿಗಳಿಂದ ನೋವಾದದ್ದೂ ಇದೆ. ಗಲ್ಫ್‌ನಿಂದ ಯಾರಾದರೂ ಬಂದ ಮನೆಗೆ ಹಾಲಿನವನು ಹೋಗಲಿಲ್ಲ. ಅದುವರೆಗೆ ಸಾಂತ್‌ಮಾರಿ ಹಬ್ಬಕ್ಕೆ, ಮದುವೆಗೆ, ದೇವಾಲಯದ ಕಟ್ಟಡಕ್ಕೆ ಆ ಮನೆಯ ದುಡ್ಡು ಎಲ್ಲರಿಗೂ ಬೇಕಿತ್ತು. ಕ್ವಾರಂಟೈನ್ ಎಂದರೆ ಮರ್ಯಾದೆ ಹೋಗುವುದು ಎಂದಾದರೆ ಜನ ಪ್ಯಾರಸಿಟಮಾಲ್ ನುಂಗಿ ವಿಮಾನ ಇಳಿಯುತ್ತಾರೆ, ಯಾವ ಕಾನೂನೂ ಆಗ ಕೆಲಸ ಮಾಡುವುದಿಲ್ಲ. ನಮ್ಮ ಯುವಕರು ಅಂಥ ಮನೆಗಳ ಗೇಟಿಗೆ ಅಕ್ಕಿ, ಮೀನು, ಮಾತ್ರೆ ತೂಗುಹಾಕಿ ಬಂದದ್ದು ದೊಡ್ಡ ಸೇವೆ ಎಂದು ಹೇಳುತ್ತಿಲ್ಲ. ಆದರೆ ಗೇಟಿನಲ್ಲಿ ಚೀಲ ಕಂಡ ಮನೆಯವರು ಒಳಗೇ ಇದ್ದರು.

ಕೂಟದ ಕೊನೆಗೆ ಜಗಳವಾದದ್ದು ಒಂದೇ ಪ್ರಶ್ನೆಗೆ: ಖರ್ಚು ಯಾರದು? 2020ರ ಮೇ ಕೊನೆಯಲ್ಲಿ ಕೇರಳ ಸರಕಾರ, ಮರಳಿ ಬರುವವರು ಕ್ವಾರಂಟೈನ್ ಖರ್ಚನ್ನು ತಾವೇ ಕೊಡಬೇಕು ಎಂದಿತು. ಗಲಾಟೆಯಾದ ಮೇಲೆ, ಕೊಡಲಾಗದ ಬಡವರಿಗೆ ಬೇಡ ಎಂದಿತು. ಕೆಲಸ ಕಳೆದುಕೊಂಡು, ಸಾಲ ಮಾಡಿ ಟಿಕೆಟ್ ತೆಗೆದು ಬಂದವನು ತಾನು ಬಡವನೆಂದು ಕೌಂಟರಿನಲ್ಲಿ ನಿಂತು ಹೇಳಬೇಕೇ ಎಂದು ಕೆಲವರು. ಗಲ್ಫ್‌ನಲ್ಲಿ ಸಂಪಾದಿಸಿದವನ ಊಟಕ್ಕೆ ಇಲ್ಲಿ ಬೀಡಿ ಕಟ್ಟುವವಳು ತೆರಿಗೆ ಕೊಡಬೇಕೇ ಎಂದು ಇನ್ನು ಕೆಲವರು. ನಮ್ಮಲ್ಲಿ ಹೆಚ್ಚಿನವರ ಮಾತು ಹೀಗಿತ್ತು: ಅವನು ಹದಿನಾಲ್ಕು ದಿನ ಒಳಗೆ ಕುಳಿತುಕೊಳ್ಳುವುದು ಬೀಡಿ ಕಟ್ಟುವವಳ ಆರೋಗ್ಯಕ್ಕಾಗಿ; ಲಾಭ ಊರಿನದ್ದಾದರೆ ಖರ್ಚೂ ಊರಿನದ್ದೇ ಆಗಲಿ. ಇದಕ್ಕೆ ಒಪ್ಪದ ಮೂವರು ಮುಂದಿನ ತಿಂಗಳು ತಮ್ಮ ಉತ್ತರ ಬರೆದು ತರುತ್ತಾರಂತೆ. ಅದನ್ನೂ ಇಲ್ಲಿಯೇ ಹಾಕುತ್ತೇವೆ.